ಬೆಳ್ಳಿಯೋ ತಾಮ್ರವೋ, ಓವನ್ನೋ ಬೆಳಕೋ: ಕರೆಂಟ್ ಹರಿಯುವ ಇಂಕ್ ಪ್ರಿಂಟ್ ಮಾಡುವವರಿಗೆ

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಕೊಪ್ಪಳದಿಂದ ಬಳ್ಳಾರಿಗೆ ಬಂದಿದ್ದ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಾನೆ. ನನ್ನ ಸ್ಕ್ರೀನ್ ಪ್ರಿಂಟಿಂಗ್ ಶೆಡ್ಡಿನಲ್ಲಿ ಟೀ-ಶರ್ಟ್ ಬಣ್ಣ ಒಣಗಿಸುವ ಹೀಟರ್ ನೋಡಿ ಕೇಳಿದ: "ಮಾವ, ಫ್ಲ್ಯಾಶ್ ಮಷಿನ್ ನಿಮ್ಮ ಹತ್ತಿರಾನೇ ಇದೆಯಲ್ಲ? ಬೆಳ್ಳಿ ಇಂಕ್ ಇದರಲ್ಲೇ ಬೇಯಿಸಬಹುದಾ?" ತಂತಿಯ ಬದಲು ಪ್ಲಾಸ್ಟಿಕ್ ಶೀಟ್ ಮೇಲೆ ಪ್ರಿಂಟ್ ಮಾಡುವ, ಕರೆಂಟ್ ಹರಿಯುವ ಇಂಕಿನ ಮಾತು ಅದು.

ಪ್ರಶ್ನೆ ಸರಿಯಾಗಿಯೇ ಇತ್ತು, ಹೆಸರು ಮಾತ್ರ ದಾರಿ ತಪ್ಪಿಸಿತ್ತು. ಬಟ್ಟೆ ಪ್ರಿಂಟಿಂಗಿನಲ್ಲಿ ನಾವು ಫ್ಲ್ಯಾಶ್ ಅನ್ನುವುದು ಶಾಖ ಕೊಡುವ ಪ್ಯಾನೆಲ್‌ಗೆ. ಅದರ ಕೆಳಗೆ ಬಟ್ಟೆ ಕೆಲವು ಸೆಕೆಂಡ್ ಇರುತ್ತದೆ, ಬಣ್ಣ ಬಿಗಿಯಾಗುತ್ತದೆ. ಎಲೆಕ್ಟ್ರಾನಿಕ್ಸ್ ಪ್ರಿಂಟಿಂಗಿನ ಫ್ಲ್ಯಾಶ್ ಬೇರೆಯೇ. ಅದು ಕ್ಸೆನಾನ್ ಅನಿಲ ತುಂಬಿದ ದೀಪ, ಕ್ಯಾಮೆರಾ ಫ್ಲ್ಯಾಶಿನ ದೊಡ್ಡಣ್ಣ ಅನ್ನಬಹುದು. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊತ್ತು ಮಿಂಚಿ ಆರಿಹೋಗುತ್ತದೆ. ಅಷ್ಟರಲ್ಲೇ ಇಂಕ್ ಬೆಂದಿರುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಕೆಲಸದ ಜೊತೆ ಸ್ಕ್ರೀನ್, ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ), ಮೆಶ್ (ಸ್ಕ್ರೀನಿನ ಜಾಲರಿ ಬಟ್ಟೆ) ಗೊತ್ತಿರುವ ಕೈಗಳು ತುಂಬಾ ಇವೆ. ಅದೇ ಕೈಗಳಿಂದ ಕೀಪ್ಯಾಡ್, ಹೀಟರ್, ಸೆನ್ಸರ್ ಪ್ರಿಂಟ್ ಮಾಡಲು ಸಾಧ್ಯ. ಈ ಕೆಲಸ ನಮ್ಮ ಕಡೆಗೂ ಬರಬೇಕು ಅನ್ನುವ ಆಸೆ ನನಗೆ ಬಹಳ ಇದೆ. ಆದರೆ ಯಾವ ಇಂಕ್, ಯಾವ ಶೀಟ್, ಯಾವ ರೀತಿಯ ಶಾಖ ಅನ್ನುವ ಆಯ್ಕೆಯಲ್ಲಿ ಎಡವಿದರೆ ದುಡ್ಡು ನೀರಿನಂತೆ ಹೋಗುತ್ತದೆ. ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಚೌಕ ಎಣಿಸಿ

ಇಂಕ್ ಮಾರುವವರು "ಚೌಕಕ್ಕೆ ಇಷ್ಟು ಓಮ್" ಅನ್ನುತ್ತಾರೆ. ಇದು ಅರ್ಥವಾದರೆ ಅರ್ಧ ಆಯ್ಕೆ ಮುಗಿದಂತೆ. ಓಮ್ ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಳತೆ. ನಿಮ್ಮ ಗೆರೆ 1 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಉದ್ದ ಅಂದುಕೊಳ್ಳಿ. ಗೆರೆಯಷ್ಟೇ ಅಗಲದ ಚೌಕಗಳನ್ನು ಸಾಲಾಗಿ ಜೋಡಿಸಿದರೆ ಅದರಲ್ಲಿ 100 ಹಿಡಿಯುತ್ತವೆ. ಸಾಮಾನ್ಯ ಬೆಳ್ಳಿ ಪೇಸ್ಟ್, ಅಂದರೆ ಮಂದವಾದ ಇಂಕ್, 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪದಲ್ಲಿ ಚೌಕಕ್ಕೆ 0.02 ಓಮ್ ಆಸುಪಾಸು. ಅಂದರೆ ಆ ಗೆರೆ 2 ಓಮ್. ಪ್ರಿಂಟ್ ತೆಳುವಾದರೆ ಅದೇ ಲೆಕ್ಕದಲ್ಲಿ ಓಮ್ ಏರುತ್ತದೆ. 12 ಮೈಕ್ರಾನ್ ಬಂದರೆ 4 ಓಮ್ ಆಯಿತು. ಅದೇ ಗೆರೆ ಚೌಕಕ್ಕೆ 20 ಓಮ್ ಇರುವ ಕಾರ್ಬನ್ ಇಂಕಿನಲ್ಲಾದರೆ 2,000 ಓಮ್.

ಈಗ ನಿಮ್ಮ ಕೆಲಸ ನೋಡಿ. ಮೆಂಬ್ರೇನ್ ಕೀಪ್ಯಾಡಿನ ಗುಂಡಿ ಒತ್ತಿದಾಗ ಹರಿಯುವ ಕರೆಂಟ್ ಬಹಳ ಕಡಿಮೆ. ಅಲ್ಲಿ 50 ಓಮ್ ಬಂದರೂ ನಡೆಯುತ್ತದೆ. ಹೀಟರಿಗೆ ತಕ್ಕಷ್ಟು ಓಮ್ ಬೇಕೇ ಬೇಕು, ತೀರಾ ಕಡಿಮೆಯಾದರೆ ವಿಪರೀತ ಕರೆಂಟ್ ಎಳೆಯುತ್ತದೆ. ಎಲ್‌ಇಡಿ ಸಾಲಿಗೆ, ಬ್ಯಾಟರಿ ಲೈನಿಗೆ ಮಾತ್ರ ಒಂದೊಂದು ಓಮ್ ಕೂಡ ಲೆಕ್ಕಕ್ಕೆ ಬರುತ್ತದೆ. ಹೊಸಬರು ಬಹಳ ಜನ ಅಗತ್ಯ ಇಲ್ಲದ ಕಡೆ ದುಬಾರಿ ಇಂಕ್ ಹಾಕುತ್ತಾರೆ. ಚೌಕ ಎಣಿಸಿದರೆ ಆ ತಪ್ಪು ಆಗುವುದಿಲ್ಲ.

ಇಂಕುಗಳು

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಗೊಂಬೆಗಳಿಗೆ ಲೋಹದ ಹೊಳಪು ಕೊಡುವ ಹಳೆಯ ಪದ್ಧತಿ ಇದೆ. ತವರವನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಚ್ಚುತ್ತಾರೆ. ಹಚ್ಚಿದಾಗ ಮಂಕಾಗಿರುತ್ತದೆ. ಒಣಗಿದ ಮೇಲೆ ನಯವಾದ ಕಲ್ಲಿನಿಂದ ಉಜ್ಜಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ನಮ್ಮ ಇಂಕಿನ ಗುಟ್ಟೂ ಇಷ್ಟೇ. ಲೋಹದ ಪುಡಿ ಇದೆ, ಹಿಡಿದಿಡಲು ಅಂಟು ಇದೆ, ತೆಳುವಾಗಿಸಲು ಸಾಲ್ವೆಂಟ್ ಇದೆ. ಪುಡಿಯ ಕಣಗಳು ಒಂದಕ್ಕೊಂದು ತಾಗಿದರೆ ಮಾತ್ರ ಕರೆಂಟ್ ದಾಟುತ್ತದೆ. ತಾಗಿಸುವ ಕೆಲಸವನ್ನು ಅಲ್ಲಿ ಕಲ್ಲು ಮಾಡುತ್ತದೆ, ಇಲ್ಲಿ ಶಾಖ ಅಥವಾ ಬೆಳಕು ಮಾಡಬೇಕು.

ಬೆಳ್ಳಿ ಚಕ್ಕೆಯ ಪೇಸ್ಟ್ ಎಲ್ಲಕ್ಕಿಂತ ನಂಬಿಕಸ್ತ. ಕೆಲವು ಮೈಕ್ರಾನ್ ಅಗಲದ ತೆಳು ಚಕ್ಕೆಗಳು ಒಂದರ ಮೇಲೊಂದು ಮಲಗುತ್ತವೆ. ಸಾಲ್ವೆಂಟ್ ಹಾರಿ ಅಂಟು ಕುಗ್ಗಿದಾಗ ಒತ್ತಿಕೊಂಡು ತಾಗುತ್ತವೆ. ಕರಗುವ ಅಗತ್ಯವೇ ಇಲ್ಲ. 120ರಿಂದ 130 ಡಿಗ್ರಿ ಶಾಖದಲ್ಲಿ 10ರಿಂದ 30 ನಿಮಿಷ ಸಾಕು. ಗಟ್ಟಿ ಬೆಳ್ಳಿಯಷ್ಟು ಕರೆಂಟ್ ಒಯ್ಯಲಾರದು, ಹತ್ತಾರು ಪಟ್ಟು ಹಿಂದೆ. ಆದರೆ ಹೆಚ್ಚಿನ ಕೆಲಸಕ್ಕೆ ಅಷ್ಟು ಸಾಕು.

ನ್ಯಾನೊ ಬೆಳ್ಳಿ ಇಂಕಿನಲ್ಲಿ ಕಣಗಳು ಬಹಳ ಸಣ್ಣವು. ಗಟ್ಟಿ ಬೆಳ್ಳಿ ಕರಗಲು 962 ಡಿಗ್ರಿ ಬೇಕು. ಕಣ ನ್ಯಾನೊ ಗಾತ್ರಕ್ಕೆ ಇಳಿದರೆ 150 ಡಿಗ್ರಿ ಆಸುಪಾಸಿನಲ್ಲೇ ಪಕ್ಕದ ಕಣದ ಜೊತೆ ಬೆಸೆದುಕೊಳ್ಳಲು ಶುರು ಮಾಡುತ್ತದೆ. ಇದಕ್ಕೇ ಸಿಂಟರಿಂಗ್ ಅನ್ನುವುದು. ಸರಿಯಾಗಿ ಬೆಂದರೆ ಚಕ್ಕೆ ಪೇಸ್ಟಿಗಿಂತ ಬಹಳ ಚೆನ್ನಾಗಿ ಕರೆಂಟ್ ಒಯ್ಯುತ್ತದೆ. ಇಂಕ್‌ಜೆಟ್ಟಿಗೆ ಇದೇ ಬೇಕು, ಚಕ್ಕೆ ಹಾಕಿದರೆ ನಾಜಲ್ ಕಟ್ಟಿಕೊಳ್ಳುತ್ತದೆ. ತೊಂದರೆ ಏನೆಂದರೆ ಹಲವು ನ್ಯಾನೊ ಇಂಕುಗಳನ್ನು ಫ್ರಿಜ್ಜಿನಲ್ಲಿ ಇಡಬೇಕು. ಏಪ್ರಿಲ್-ಮೇನಲ್ಲಿ ಬಳ್ಳಾರಿ, ರಾಯಚೂರು ಎರಡೂ 40 ಡಿಗ್ರಿ ದಾಟುತ್ತವೆ. ಮಧ್ಯಾಹ್ನ ಕರೆಂಟ್ ಹೋಗಿ ಫ್ರಿಜ್ಜೂ ಬೆಚ್ಚಗಾದರೆ ಕಣಗಳು ಗುಂಪುಗಟ್ಟುತ್ತವೆ. ಅಂಥ ಬಾಟಲ್ ಮತ್ತೆ ಸರಿ ಹೋಗಲ್ಲ. ತರಿಸುವ ಮೊದಲು ಇನ್ವರ್ಟರ್ ಬಗ್ಗೆ ಯೋಚಿಸಿ.

ತಾಮ್ರ ಎಲ್ಲರಿಗೂ ಆಸೆ ಹುಟ್ಟಿಸುತ್ತದೆ. ಕರೆಂಟ್ ಒಯ್ಯುವುದರಲ್ಲಿ ಬೆಳ್ಳಿಗಿಂತ ಕೂದಲೆಳೆಯಷ್ಟು ಮಾತ್ರ ಹಿಂದೆ. ಬೆಲೆ ನೂರನೇ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಆದರೆ ತಾಮ್ರದ ಚೊಂಬನ್ನು ಒಲೆಯ ಮೇಲಿಟ್ಟರೆ ಏನಾಗುತ್ತದೆ ನೋಡಿದ್ದೀರಿ ಅಲ್ವಾ? ಕಪ್ಪಾಗುತ್ತದೆ. ಆ ಕಪ್ಪು ಅಂದರೆ ಆಕ್ಸೈಡ್, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ. ಚೊಂಬಿಗೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ, ಒಳಗೆ ತಾಮ್ರ ಉಳಿದಿರುತ್ತದೆ. ಸಣ್ಣ ಪುಡಿಗೆ ಒಳಗು ಅನ್ನುವುದೇ ಹೆಚ್ಚಿಲ್ಲ, ಇಡೀ ಕಣ ಕೆಡುತ್ತದೆ. ಸಾಮಾನ್ಯ ಓವನ್ನಿನಲ್ಲಿ ಮಾಮೂಲಿ ತಾಮ್ರದ ಇಂಕ್ ಬೇಯಿಸಿದರೆ ಕೊನೆಗೆ ಉಳಿಯುವುದು ಕಪ್ಪು ಗೆರೆ. ನೈಟ್ರೋಜನ್ ತುಂಬಿದ ಓವನ್ ಬೇಕು, ಇಲ್ಲವೇ ಮುಂದೆ ಹೇಳುವ ಮಿಂಚಿನ ಬೆಳಕು ಬೇಕು. ಬೆಳ್ಳಿ ಲೇಪಿಸಿದ ತಾಮ್ರದ ಚಕ್ಕೆ ಎಂಬ ನಡುದಾರಿಯೂ ಇದೆ. ಬೆಲೆ ನಡುವೆ, ಬಾಳಿಕೆಯೂ ನಡುವೆ.

ಕಾರ್ಬನ್ ಅಗ್ಗ, ಗಟ್ಟಿ, ತುಕ್ಕಿಲ್ಲ. ಹೀಟರಿಗೆ, ಕೀಪ್ಯಾಡಿನ ಗುಂಡಿ ತಾಗುವ ಜಾಗಕ್ಕೆ, ಸೆನ್ಸರಿನ ಎಲೆಕ್ಟ್ರೋಡಿಗೆ ಬೇರೆ ಯೋಚನೆಯೇ ಬೇಡ. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ರಕ್ತ ಪರೀಕ್ಷೆಗೆ ಬಳಸುವ ಪಟ್ಟಿಗಳಲ್ಲಿ ಎಷ್ಟೋ ಪಟ್ಟಿಗಳ ಕಪ್ಪು ಗೆರೆ ಸ್ಕ್ರೀನ್ ಪ್ರಿಂಟ್ ಮಾಡಿದ ಕಾರ್ಬನ್ನೇ. ಪಾರದರ್ಶಕ ಗೆರೆ ಬೇಕಾದರೆ ಪಿಡಾಟ್ ಎಂಬ ಪಾಲಿಮರ್ ಇದೆ. ಕರೆಂಟ್ ಹರಿಸುವ ಪ್ಲಾಸ್ಟಿಕ್ಕುಗಳನ್ನು ಕಂಡುಹಿಡಿದದ್ದಕ್ಕೆ 2000ದಲ್ಲಿ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಪಿಡಾಟ್ ಆ ಕುಟುಂಬದ್ದೇ. ತೇವದಿಂದ ಕಾಪಾಡಬೇಕು. ಶುರುವಿಗೆ ನನಗದು ಅಗತ್ಯ ಅನಿಸಲ್ಲ.

ಬೆಲೆಯ ಮಾತು ಬಂದಾಗ ಒಂದು ಲೆಕ್ಕ ಮಾಡಿ. ಅಂಗೈ ಅಗಲದ ಪ್ಯಾನೆಲ್, 10 ಸೆಂಟಿಮೀಟರ್ ಚೌಕ. ಅದರಲ್ಲಿ ಐದನೇ ಒಂದು ಪಾಲು ಗೆರೆ, ಒಣಗಿದ ಮೇಲೆ 10 ಮೈಕ್ರಾನ್ ದಪ್ಪ. ಅಷ್ಟಕ್ಕೆ ಬೆಳ್ಳಿ ಹಿಡಿಯುವುದು ಸುಮಾರು 0.1 ಗ್ರಾಂ. ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿ ಯಾವಾಗಲೋ ದಾಟಿದೆ. ಲಕ್ಷವೆಂದೇ ಹಿಡಿದರೂ ಪ್ಯಾನೆಲ್ಲಿಗೆ 10 ರೂಪಾಯಿ ಲೋಹ. ಪೇಸ್ಟಿನ ಬೆಲೆ ಅದಕ್ಕಿಂತ ಜಾಸ್ತಿ. ತಿಂಗಳಿಗೆ 500 ಪ್ಯಾನೆಲ್ ಮಾಡುವವರಿಗೆ ತಾಮ್ರಕ್ಕೆ ಬದಲಾದರೆ ಉಳಿಯುವ ದುಡ್ಡು ಹೊಸ ಮಷಿನ್ನಿನ ಕಂತಿಗೂ ಸಾಲದು. ಲಕ್ಷಗಟ್ಟಲೆ ಮಾಡುವವರಿಗೆ ಲೆಕ್ಕವೇ ಬೇರೆ.

ಶೀಟ್ ಎಷ್ಟು ಶಾಖ ತಡೆಯುತ್ತದೆ?

ಪಾರದರ್ಶಕ ಪಾಲಿಯೆಸ್ಟರ್, ಅಂದರೆ ಪಿಇಟಿ ಶೀಟ್ ಎಲ್ಲ ಕಡೆ ಸಿಗುತ್ತದೆ. ಆದರೆ 80 ಡಿಗ್ರಿ ಹತ್ತಿರ ಬಂದಾಗಲೇ ಮೆತ್ತಗಾಗಲು ಶುರು. ಮಾಮೂಲಿ ಶೀಟ್ 150 ಡಿಗ್ರಿಯಲ್ಲಿ ಶೇಕಡಾ 1ರಷ್ಟಾದರೂ ಕುಗ್ಗುತ್ತದೆ. 300 ಮಿಲಿಮೀಟರ್ ಶೀಟಿನಲ್ಲಿ ಅದು 3 ಮಿಲಿಮೀಟರ್. ಎರಡನೇ ಪದರ ಪ್ರಿಂಟ್ ಮಾಡಲು ಹೋದಾಗ ರಿಜಿಸ್ಟ್ರೇಷನ್, ಅಂದರೆ ಪದರಕ್ಕೆ ಪದರ ಕೂರಿಸುವ ಗುರುತು, ಎಲ್ಲೋ, ಗೆರೆ ಎಲ್ಲೋ.

ಇದು ನನ್ನ ಕೈಯಾರೆ ಆದ ಅನುಭವ. ಅಕ್ಕನ ಮಗ ಹೇಳಿದ ಹಾಗೆಯೇ ನಾನೂ ಹಿಂದೊಮ್ಮೆ ಬೆಳ್ಳಿ ಪ್ರಿಂಟ್ ಆದ ಪಿಇಟಿಯನ್ನು ಟೀ-ಶರ್ಟ್ ಹೀಟರ್ ಕೆಳಗೆ ಇಟ್ಟಿದ್ದೆ. ಒಂದು ನಿಮಿಷದಲ್ಲಿ ಶೀಟಿನ ಮೂಲೆ ಹಪ್ಪಳದ ಅಂಚಿನಂತೆ ಎದ್ದಿತು. ಗೆರೆ ಚೆನ್ನಾಗಿಯೇ ಬೆಂದಿತ್ತು. ಅದರ ಮೇಲೆ ಇನ್ಸುಲೇಷನ್, ಅಂದರೆ ಕರೆಂಟ್ ದಾಟದ ಪದರ ಹಾಕಿ, ಅದರ ಮೇಲೆ ಅಡ್ಡ ಗೆರೆ ದಾಟಿಸಬೇಕಿತ್ತು. ಹನ್ನೆರಡು ಜಾಗದಲ್ಲಿ ದಾಟಬೇಕಾದ್ದು ಏಳೇ ಜಾಗದಲ್ಲಿ ಕೂತಿತು. ಉಳಿದ ಐದರಲ್ಲಿ ಮೇಲಿನ ಗೆರೆ ಕೆಳಗಿನದಕ್ಕೆ ತಾಗಿ ಶಾರ್ಟ್.

ಅಂದಿನಿಂದ ಎರಡು ಅಭ್ಯಾಸ ಇಟ್ಟುಕೊಂಡಿದ್ದೇನೆ. ಶಾಖಕ್ಕೆ ಸ್ಥಿರಗೊಳಿಸಿದ ಪಿಇಟಿಯನ್ನೇ ಕೇಳಿ ತರಿಸುತ್ತೇನೆ. ಪ್ರಿಂಟಿಗೆ ಮೊದಲು ಬರೀ ಶೀಟನ್ನು ಓವನ್ನಿನಲ್ಲಿ ಅರ್ಧ ಗಂಟೆ ಇಟ್ಟು, ಕುಗ್ಗುವಷ್ಟು ಕುಗ್ಗಲು ಬಿಡುತ್ತೇನೆ. ಪಿಇಎನ್ ಶೀಟ್ 160 ಡಿಗ್ರಿವರೆಗೂ ಬರುತ್ತದೆ, ಬೆಲೆ ಜಾಸ್ತಿ. ಕಂದು ಬಣ್ಣದ ಪಾಲಿಇಮೈಡ್ 250 ಡಿಗ್ರಿ ಕೊಟ್ಟರೂ ಅಲುಗಾಡಲ್ಲ, ಬೆಲೆ ಇನ್ನೂ ಜಾಸ್ತಿ. ಕಾಗದ ಅಗ್ಗ, ಆದರೆ ಸಾಮಾನ್ಯ ಕಾಗದ ಇಂಕನ್ನು ಹೀರುತ್ತದೆ. ಹೊಳಪಿನ ಲೇಪ ಇರುವುದೇ ಬೇಕು.

ಓವನ್, ಇನ್ಫ್ರಾರೆಡ್, ಲೇಸರ್, ಯುವಿ

ಓವನ್ ಸರಳ. ಅದರ ದೋಷ ಒಂದೇ, ಒಳಗೆ ಎಲ್ಲ ಕಡೆ ಒಂದೇ ಶಾಖ ಇರುವುದಿಲ್ಲ. ನನ್ನ ಪೆಟ್ಟಿಗೆ ಓವನ್ 130 ತೋರಿಸುತ್ತಿತ್ತು. ನಡು ತಟ್ಟೆಯ ಶೀಟಿನಲ್ಲಿ ಗೆರೆ 2.1 ಓಮ್, ಬಾಗಿಲ ಹತ್ತಿರದ ಮೂಲೆಯಲ್ಲಿ ಅದೇ ಗೆರೆ 6.8 ಓಮ್. ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಇಟ್ಟು ನೋಡಿದರೆ ಮೂಲೆಯಲ್ಲಿ 108 ಡಿಗ್ರಿ. ಒಳಗೆ ಫ್ಯಾನ್ ಹಾಕಿಸಿ, ಬಾಗಿಲ ರಬ್ಬರ್ ಬದಲಿಸಿದ ಮೇಲೆ ಸರಿಹೋಯಿತು. ಇಂಕ್ ಬದಲಿಸುವ ಮೊದಲು ಓವನ್ ಅಳೆಯಿರಿ.

ನಿಯರ್-ಇನ್ಫ್ರಾರೆಡ್ ದೀಪಗಳು, ಅಂದರೆ ಕಣ್ಣಿಗೆ ಕಾಣದ, ಸುಮಾರು 1 ಮೈಕ್ರಾನ್ ತರಂಗದ ಬೆಳಕು ಕೊಡುವವು, ಬಹಳ ಜನರಿಗೆ ಗೊತ್ತಿಲ್ಲದ ಒಳ್ಳೆಯ ಆಯ್ಕೆ. ಆ ಬೆಳಕಿಗೆ ಪಿಇಟಿ ಬಹುಪಾಲು ಗಾಜಿನಂತೆ, ದಾಟಿ ಹೋಗುತ್ತದೆ. ಲೋಹದ ಇಂಕ್ ಹೀರಿಕೊಂಡು ಬಿಸಿಯಾಗುತ್ತದೆ. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯುತ್ತದೆ. ಬಿಡಿ ಶೀಟಿನ ಬದಲು ಉದ್ದದ ರೋಲ್ ಓಡಿಸುವವರಿಗೆ ಇದು ಅನುಕೂಲ.

ಲೇಸರ್ ಬಗ್ಗೆ ಒಂದು ಎಚ್ಚರಿಕೆ. ಜೀನ್ಸ್ ಮೇಲೆ ಬಣ್ಣ ತೆಗೆಯುವ ಲೇಸರ್ ಕಾರ್ಬನ್ ಡೈಆಕ್ಸೈಡ್ ಲೇಸರ್, ಅದರ ತರಂಗ 10.6 ಮೈಕ್ರಾನ್. ಆ ಬೆಳಕನ್ನು ಪ್ಲಾಸ್ಟಿಕ್ಕೇ ಹೀರುತ್ತದೆ, ಲೋಹ ಹಿಂದಕ್ಕೆ ಎಸೆಯುತ್ತದೆ. ಅದರಲ್ಲಿ ಬೆಳ್ಳಿ ಗೆರೆ ಬೇಯಿಸಲು ಹೋದರೆ ಶೀಟ್ ಕತ್ತರಿಸಿಹೋಗುತ್ತದೆ, ಗೆರೆ ಹಾಗೇ ಇರುತ್ತದೆ. ಇಂಕಿಗೆ ಬೇಕಾದದ್ದು ಹಸಿರು 532 ನ್ಯಾನೊಮೀಟರ್ ಅಥವಾ 808, 1064 ನ್ಯಾನೊಮೀಟರ್ ಲೇಸರ್ (ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರಾನ್). ಗೆರೆ ಗೆರೆಯಾಗಿ ಎಳೆಯಬೇಕು, ಹಾಗಾಗಿ ನಿಧಾನ. ಹತ್ತಿಪ್ಪತ್ತು ಮಾದರಿ ಮಾಡಲು ಚೆನ್ನ, ಸಾವಿರ ಮಾಡಲು ಅಲ್ಲ.

ಯುವಿಯನ್ನು, ಅಂದರೆ ಅತಿನೇರಳೆ ಬೆಳಕನ್ನು, ಹಲವರು ಸಿಂಟರಿಂಗ್ ಅಂದುಕೊಳ್ಳುತ್ತಾರೆ. ಅದು ಲೋಹವನ್ನು ಮುಟ್ಟುವುದೇ ಇಲ್ಲ, ಅಂಟನ್ನು ಮಾತ್ರ ಗಟ್ಟಿ ಮಾಡುತ್ತದೆ. ಬೆಳ್ಳಿ ತುಂಬಿದ ಪೇಸ್ಟಿನೊಳಗೆ ಬೆಳಕು ಇಳಿಯುವುದೂ ಕಷ್ಟ. ಗೆರೆ ದಾಟಿಸುವ ಇನ್ಸುಲೇಷನ್ ಪದರಕ್ಕೆ ಮಾತ್ರ ಯುವಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಕೆಲವು ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ, ಶೀಟ್ ಕುಗ್ಗಲ್ಲ. ಆದರೆ ಒಂದೇ ಪದರ ಸಾಲದು, ಸೂಜಿಮೊನೆಯಷ್ಟು ತೂತು ಉಳಿಯುತ್ತದೆ. ಎರಡು ಸಲ ಎಳೆಯಿರಿ.

ಕ್ಸೆನಾನ್ ಮಿಂಚು

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ದೀಪದ ಉರಿಯ ಮೇಲೆ ಬೆರಳನ್ನು ಸರ್ರನೆ ಆಡಿಸಿದರೆ ಸುಡಲ್ಲ, ನಿಲ್ಲಿಸಿದರೆ ಸುಡುತ್ತದೆ. ಶಾಖ ಒಳಗೆ ಇಳಿಯಲು ಹೊತ್ತು ಬೇಕು. 125 ಮೈಕ್ರಾನ್ ದಪ್ಪದ ಪಿಇಟಿಯಲ್ಲಿ ಮೇಲಿನ ಶಾಖ ತಳಕ್ಕೆ ಇಳಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಕ್ಸೆನಾನ್ ಮಿಂಚು ಅದಕ್ಕಿಂತ ಬಹಳ ಮೊದಲೇ, ಒಂದೆರಡು ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿದುಹೋಗಿರುತ್ತದೆ. ಅಷ್ಟರಲ್ಲಿ ಇಂಕಿನ ಪದರ ನೂರಾರು ಡಿಗ್ರಿ ಏರಿ ಬೆಸೆದುಕೊಂಡಿರುತ್ತದೆ. ಪ್ಲಾಸ್ಟಿಕ್ಕಿಗೆ ಕೆಡುವಷ್ಟು ಶಾಖ ತಟ್ಟಿರುವುದಿಲ್ಲ. ಕಾಗದದ ಮೇಲೂ ಇದು ನಡೆಯುತ್ತದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ನೋವಾಸೆಂಟ್ರಿಕ್ಸ್ ಕಂಪನಿ ಇದನ್ನು ಪಲ್ಸ್‌ಫೋರ್ಜ್ ಹೆಸರಿನ ಯಂತ್ರಗಳಾಗಿ ತಂದಿತು.

ತಾಮ್ರಕ್ಕೆ ಇದು ವರದಾನ. ಗಾಳಿಯ ಆಮ್ಲಜನಕ ಬಂದು ಕೂರುವಷ್ಟು ಹೊತ್ತೇ ಸಿಗಲ್ಲ. ಇನ್ನೂ ಚೆಂದದ ಸಂಗತಿ ಏನೆಂದರೆ, ತಾಮ್ರದ ಆಕ್ಸೈಡಿನಿಂದಲೇ ಶುರು ಮಾಡುವ ಇಂಕುಗಳಿವೆ. ಅದರಲ್ಲಿ ಆಮ್ಲಜನಕವನ್ನು ಕಿತ್ತುಕೊಳ್ಳುವ ರಾಸಾಯನಿಕ ಬೆರೆಸಿರುತ್ತಾರೆ. ಮಿಂಚು ಬಿದ್ದ ಕೂಡಲೇ ಕಪ್ಪು ಗೆರೆ ತಾಮ್ರದ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಆಕ್ಸೈಡ್ ಆಗಿರುವುದರಿಂದ ಇಂಕ್ ಇಟ್ಟರೂ ಕೆಡುವ ಭಯ ಕಡಿಮೆ.

ಕಷ್ಟಗಳೂ ಇವೆ. ಇಂಕಿನಲ್ಲಿ ಸ್ವಲ್ಪ ಸಾಲ್ವೆಂಟ್ ಉಳಿದಿದ್ದರೂ ಅದು ಒಮ್ಮೆಗೇ ಆವಿಯಾಗಿ ಗೆರೆಯನ್ನು ಸಿಡಿಸುತ್ತದೆ. ಹಾಗಾಗಿ ಮಿಂಚಿಗೆ ಮೊದಲು ಒಣಗಿಸಲೇಬೇಕು. ಬೆಳಕಿನ ಯಂತ್ರ ಬಂದರೂ ಓವನ್ ಮನೆ ಬಿಟ್ಟು ಹೋಗಲ್ಲ. ಸ್ಕ್ರೀನಿನಲ್ಲಿ ಎಳೆದ 20 ಮೈಕ್ರಾನ್ ದಪ್ಪದ ಪದರದಲ್ಲಿ ಮೇಲ್ಭಾಗ ಬೆಂದು ಮುಚ್ಚಿಕೊಂಡರೆ ಕೆಳಗಿನ ಆವಿಗೆ ದಾರಿ ಇಲ್ಲ, ಗುಳ್ಳೆ ಏಳುತ್ತದೆ. ಒಂದೆರಡು ಮೈಕ್ರಾನಿನ ತೆಳು ಪದರಕ್ಕೆ ಈ ದೀಪ ಚೆನ್ನಾಗಿ ಒಗ್ಗುತ್ತದೆ. ಒಂದೇ ಡಿಸೈನಿನಲ್ಲಿ ಅಗಲ ಪ್ಯಾಡ್, ತೆಳು ಗೆರೆ ಎರಡೂ ಇದ್ದರೆ ತೆಳು ಗೆರೆಯ ಶಾಖ ಪಕ್ಕಕ್ಕೆ ಸೋರಿ ಹೋಗುತ್ತದೆ, ಪ್ಯಾಡ್ ಮಾತ್ರ ವಿಪರೀತ ಕಾಯುತ್ತದೆ. ಗೆರೆ ಬೇಯುವಷ್ಟು ಕೊಟ್ಟರೆ ಪ್ಯಾಡ್ ಸುಡುತ್ತದೆ. ಕಪ್ಪು ಶೀಟ್ ಮೇಲಂತೂ ಬೇಡವೇ ಬೇಡ, ಶೀಟೇ ಬೆಳಕು ಕುಡಿಯುತ್ತದೆ.

ಯಾರದಾದರೂ ಯಂತ್ರದಲ್ಲಿ ಮಾದರಿ ಮಾಡಿಸಲು ಅವಕಾಶ ಸಿಕ್ಕರೆ, ನಾವು ಬಟ್ಟೆಯ ನೂಲು ಎಣಿಸುವ ಲೂಪ್ ಗಾಜನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಕಡಿಮೆ ಶಕ್ತಿಯಿಂದ ಶುರು ಮಾಡಿಸಿ, ಒಂದೊಂದೇ ಹಂತ ಏರಿಸಿ. ಮೊದಲು ಏನೂ ಬದಲಾಗಲ್ಲ, ಗೆರೆ ಮಂಕಾಗೇ ಇರುತ್ತದೆ. ಒಂದು ಹಂತದಲ್ಲಿ ಲೋಹದ ಬಣ್ಣ ಬರುತ್ತದೆ, ಮೀಟರಿನಲ್ಲಿ ಓಮ್ ಧಡಕ್ಕನೆ ಇಳಿಯುತ್ತದೆ. ಇನ್ನೂ ಏರಿಸಿದರೆ ಕೂದಲಿನಂಥ ಬಿರುಕು. ಅದರ ಮುಂದೆ ಗೆರೆಯೇ ಹಾರಿಹೋಗಿ ಮಸಿಯ ಗುರುತು ಉಳಿಯುತ್ತದೆ. ಲೋಹದ ಬಣ್ಣ ಬಂದ ಹಂತಕ್ಕೂ ಬಿರುಕಿನ ಹಂತಕ್ಕೂ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ. ಎರಡು ಮೂರು ಹಂತ ಇದ್ದರೆ ಆ ಇಂಕ್ ನಂಬಬಹುದು. ಒಂದೇ ಹಂತ ಇದ್ದರೆ ಎಷ್ಟೇ ಕಡಿಮೆ ಓಮ್ ಬಂದಿದ್ದರೂ ಬಿಡಿ. ದಿನಾ ವೋಲ್ಟೇಜ್ ಏರಿಳಿಯುವ ಊರಿನಲ್ಲಿ ಅಷ್ಟು ಇಕ್ಕಟ್ಟಿನಲ್ಲಿ ಕೆಲಸ ಆಗಲ್ಲ.

ಆ ದೀಪದಲ್ಲಿ ಯುವಿ ಇರುತ್ತದೆ, ಓಝೋನ್ ಹುಟ್ಟುತ್ತದೆ, ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಕೂತಿರುತ್ತದೆ. ಮುಚ್ಚಳ, ಗಾಳಿ ಹೊರಹೋಗುವ ಪೈಪ್, ಬಾಗಿಲು ತೆರೆದರೆ ತಾನೇ ಆಫ್ ಆಗುವ ಸ್ವಿಚ್ ಇಲ್ಲದ ಯಂತ್ರವನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಮನೆಯ ಹುಡುಗರು ಕೆಲಸ ಮಾಡುವ ಜಾಗ ಅದು.

ಯಾವ ಕೆಲಸಕ್ಕೆ ಯಾವುದು?

ಕೀಪ್ಯಾಡ್ ಮಾಡುವವರು ಸ್ಥಿರ ಪಿಇಟಿ, ಬೆಳ್ಳಿ ಚಕ್ಕೆ ಪೇಸ್ಟ್, ಫ್ಯಾನ್ ಇರುವ ಓವನ್, ಯುವಿ ಇನ್ಸುಲೇಷನ್ ತೆಗೆದುಕೊಳ್ಳಿ. ಗುಂಡಿ ತಾಗುವ ಜಾಗದಲ್ಲಿ ಬೆಳ್ಳಿಯ ಮೇಲೆ ಕಾರ್ಬನ್ ಎಳೆಯಿರಿ. ತೇವ ಇರುವ ಕಡೆ ಡಿಸಿ ವೋಲ್ಟೇಜಿನಲ್ಲಿ ಬೆಳ್ಳಿ ಒಂದು ಗೆರೆಯಿಂದ ಇನ್ನೊಂದಕ್ಕೆ ಬೇರಿನಂತೆ ಹಬ್ಬುತ್ತದೆ, ಕಾರ್ಬನ್ ಅದನ್ನು ತಡೆಯಲು ನೆರವಾಗುತ್ತದೆ.

ಗದ್ದೆಯ ತೇವ ಅಳೆಯುವ ಸೆನ್ಸರ್ ಮಾಡುವ ಆಸೆ ರಾಯಚೂರು, ಸಿಂಧನೂರು ಕಡೆಯ ಹುಡುಗರಿಗೆ ಇದೆ. ಅವರಿಗೆ ಕಾರ್ಬನ್ ಎಲೆಕ್ಟ್ರೋಡ್. ಬೆಳ್ಳಿ ಮಣ್ಣಿಗೆ ತಾಗಬಾರದು, ಮೇಲಿನ ತಂತಿ ಭಾಗಕ್ಕೆ ಮಾತ್ರ ಇರಲಿ.

ಜೀನ್ಸ್ ಟ್ಯಾಗಿಗೆ ಆರ್‌ಎಫ್‌ಐಡಿ (ರೇಡಿಯೋ ತರಂಗದಿಂದ ವಸ್ತು ಗುರುತಿಸುವ ಚಿಪ್) ಆಂಟೆನಾ ಪ್ರಿಂಟ್ ಮಾಡುತ್ತೇನೆ ಅನ್ನುವವರಿಗೆ ನೇರವಾಗಿ ಹೇಳುತ್ತೇನೆ, ಬೆಳ್ಳಿಯಲ್ಲಿ ಬೇಡ. ಅಂಗಡಿಯ ಟ್ಯಾಗುಗಳಲ್ಲಿ ಬಹುಪಾಲು ಅಲ್ಯೂಮಿನಿಯಂ ಹಾಳೆ ಕೆತ್ತಿದ ಆಂಟೆನಾ, ಕೋಟಿಗಟ್ಟಲೆ ತಯಾರಾಗುವುದರಿಂದ ಬಹಳ ಅಗ್ಗ. ಅದರ ಜೊತೆ ಬೆಳ್ಳಿ ಬೆಲೆಯಲ್ಲಿ ಗೆಲ್ಲಲ್ಲ. ಕಾಗದದ ಮೇಲೆ, ತಾಮ್ರದಲ್ಲಿ, ಮಿಂಚಿನ ಬೆಳಕಿನಲ್ಲಿ ರೋಲ್ ಓಡಿಸಿದರೆ ಗೆಲ್ಲಬಹುದೇನೋ. ಅದಕ್ಕೆ ಒಬ್ಬರ ಬಂಡವಾಳ ಸಾಲದು, ನಾಲ್ಕೈದು ಘಟಕಗಳು ಸೇರಬೇಕು. ಅಂಥ ಮಾತು ಶುರು ಮಾಡುವ ಮೊದಲು ಐಐಟಿ ಕಾನ್ಪುರದಲ್ಲಿರುವ ರಾಷ್ಟ್ರೀಯ ಫ್ಲೆಕ್ಸಿಬಲ್ ಎಲೆಕ್ಟ್ರಾನಿಕ್ಸ್ ಕೇಂದ್ರವನ್ನು ಒಮ್ಮೆ ಸಂಪರ್ಕಿಸಿ. ಅವರ ಕೆಲಸವೇ ಇದು.

ಯಾವ ದಾರಿ ಹಿಡಿದರೂ ನಮ್ಮ ಊರಿನ ಧೂಳು ಮರೆಯಬೇಡಿ. ಸಂಡೂರು ಕಡೆಯಿಂದ ಬರುವ ಕೆಂಪು ಧೂಳು ಮೆಶ್‌ನಲ್ಲಿ ಕೂತರೆ 0.3 ಮಿಲಿಮೀಟರ್ ಗೆರೆ ಅಲ್ಲಿಗೆ ತುಂಡು. ಒಳಗಿನ ಒಂದು ಕೋಣೆಗೆ ಬಾಗಿಲು ಭದ್ರ ಮಾಡಿ, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಧ್ಯಾಹ್ನದ ಬಿಸಿಗೆ ಪೇಸ್ಟ್ ಸ್ಕ್ರೀನ್ ಮೇಲೇ ಒಣಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ನಾವು ಬೆಳ್ಳಿ ಕೆಲಸವನ್ನು ಬೆಳಗ್ಗೆ 6ಕ್ಕೆ ಶುರು ಮಾಡಿ 10ಕ್ಕೆ ಮುಗಿಸುತ್ತೇವೆ. ಡಬ್ಬಿ ತೆರೆದ ಕೂಡಲೇ ತಳದಿಂದ ನಿಧಾನವಾಗಿ ಕಲಕಿ, ಬೆಳ್ಳಿ ಭಾರ, ಕೆಳಗೆ ಕೂತಿರುತ್ತದೆ.

ಅಕ್ಕನ ಮಗ ಈಗ ಕೊಪ್ಪಳದಲ್ಲಿ ಹಳೆಯ ಓವನ್ನಿಗೆ ಫ್ಯಾನ್ ಕೂರಿಸಿ ಕಾರ್ಬನ್ ಹೀಟರ್ ಪ್ರಿಂಟ್ ಮಾಡುತ್ತಿದ್ದಾನೆ. ಹೋದ ವಾರ ಫೋನ್ ಮಾಡಿದ್ದ. "ಮಾವ, ಒಳಗೆ ಆರು ಜಾಗದಲ್ಲಿ ಅಳೆದೆ, 4 ಡಿಗ್ರಿ ಮಾತ್ರ ವ್ಯತ್ಯಾಸ" ಅಂದ. ನಾಳೆ ಬೆಳ್ಳಿ ಪೇಸ್ಟಿನ 100 ಗ್ರಾಂ ಡಬ್ಬಿ ಕಳಿಸುತ್ತಿದ್ದೇನೆ.